ಶಾಖ, ತಂಪು ಕೂಡಿಡುವುದು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಶಾಖವನ್ನೋ ತಂಪನ್ನೋ ಸಿಕ್ಕಾಗ ಕೂಡಿಟ್ಟು ಬೇಕಾದಾಗ ಬಳಸುವ ತಂತ್ರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಉತ್ತರಗಳಲ್ಲಿ ಯೂನಿಟ್ ಎಂದರೆ ಕರೆಂಟ್ ಬಿಲ್ಲಿನ ಅದೇ ಯೂನಿಟ್, ಒಂದು ಕಿಲೋವ್ಯಾಟ್ ಗಂಟೆ. ಶಾಖವನ್ನೂ ಅದರಲ್ಲೇ ಅಳೆದಿದ್ದೇವೆ. ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್.

ಪ್ರಶ್ನೆ: ನಮ್ಮ ಸಂಘಕ್ಕೆ ಹೊತ್ತಿಗೆ 500 ಲೀಟರ್ ಹಾಲು ಬರುತ್ತದೆ. ಹಾಲು ಹಾಕುವ ಹೊತ್ತಿಗೇ ಕರೆಂಟ್ ಹೋಗುವುದರಿಂದ ಬಲ್ಕ್ ಕೂಲರ್‌ಗೆ (ಹಾಲು ತಂಪು ಮಾಡಿಡುವ ದೊಡ್ಡ ತೊಟ್ಟಿಗೆ) ಜನರೇಟರ್ ಓಡಿಸಿ ಡೀಸೆಲ್ ಖರ್ಚು ತಡೆಯಲಾಗುತ್ತಿಲ್ಲ. ಕರೆಂಟ್ ಇದ್ದಾಗ ಐಸ್ ಕಟ್ಟಿಸಿಟ್ಟುಕೊಂಡು ಹಾಲು ತಂಪು ಮಾಡಬಹುದೇ? ಎಷ್ಟು ಐಸ್ ಬೇಕು?
– ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಉತ್ತರ: ಖಂಡಿತ ಮಾಡಬಹುದು. ಈ ಪುಟಕ್ಕೆ ಬಂದ ಪ್ರಶ್ನೆಗಳಲ್ಲಿ ಉಷ್ಣ ಶೇಖರಣೆ ಚೆನ್ನಾಗಿ ಒಗ್ಗುವುದು ನಿಮ್ಮ ಕೆಲಸಕ್ಕೇ. ನಿಮಗೆ ಬೇಕಾದ ತಂಪು ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯದು, ಬೇಕಾದ ಹೊತ್ತೂ ಗೊತ್ತಿದೆ. ಎರಡು ಹೊತ್ತಿನ ನಡುವೆ ಮತ್ತೆ ತುಂಬಿಸಿಕೊಳ್ಳಲು ಬಿಡುವೂ ಇದೆ.

500 ಲೀಟರ್ ಹಾಲು ಎಂದರೆ ಸುಮಾರು 515 ಕೆ.ಜಿ. ಅದನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು 17.5 ಯೂನಿಟ್‌ನಷ್ಟು ಶಾಖ ತೆಗೆಯಬೇಕು. ಒಂದು ಕೆ.ಜಿ. ಐಸ್ ಕರಗುವಾಗ 334 ಕಿಲೋಜೂಲ್ ಹೀರುತ್ತದೆ. ಹಾಗಾಗಿ 190 ಕೆ.ಜಿ. ಐಸ್ ಬೇಕು, ತೊಟ್ಟಿಯ ಗೋಡೆ, ಪೈಪು, ಪಂಪಿನಿಂದ ಒಳಬರುವ ಶಾಖಕ್ಕೆಂದು ಶೇ 20 ಸೇರಿಸಿ 225 ಕೆ.ಜಿ. ಎಂದಿಟ್ಟುಕೊಳ್ಳಿ.

ಐಸ್ ಕಟ್ಟುವುದು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ, ಕಂಪ್ರೆಸರ್ ತಂಪು ಮಾಡುವ ಪೈಪಿನ ಸುತ್ತ. 25 ಮಿ.ಮೀ. ಹೊರವ್ಯಾಸದ ಪೈಪಿನ ಸುತ್ತ 35 ಮಿ.ಮೀ. ದಪ್ಪ ಐಸ್ ಕಟ್ಟಿದರೆ ಮೀಟರಿಗೆ 6 ಕೆ.ಜಿ. ಆಗುತ್ತದೆ. ಅಂದರೆ 37–38 ಮೀಟರ್ ಪೈಪು. ಐಸ್ ಕಟ್ಟಿದ ಮೇಲೆ ಪೈಪಿನ ಒಟ್ಟು ದಪ್ಪ 95 ಮಿ.ಮೀ. ಆಗುವುದರಿಂದ ಒಂದು ಪೈಪಿನ ನಡುವಿನಿಂದ ಮತ್ತೊಂದರ ನಡುವಿಗೆ 120 ಮಿ.ಮೀ. ಇರಲಿ, ನಡುವೆ ನೀರು ಓಡಾಡಬೇಕು. ಇಷ್ಟಕ್ಕೆ 600 ಲೀಟರಿನ ತೊಟ್ಟಿ, ಸುತ್ತ 75ರಿಂದ 100 ಮಿ.ಮೀ. ಪಫ್ (ಶಾಖ ತಡೆಯುವ ಗಟ್ಟಿ ಫೋಮ್) ಹೊದಿಕೆ ಸಾಕು.

ಇದೇ ಹಾಲನ್ನು ಐಸ್ ಇಲ್ಲದೆ ಎರಡು ಗಂಟೆಯಲ್ಲಿ ತಂಪು ಮಾಡಲು ಎರಡೂವರೆ ಟನ್ ಸಾಮರ್ಥ್ಯದ ಕಂಪ್ರೆಸರ್ ಬೇಕು (ಇಲ್ಲಿ ಟನ್ ಎಂದರೆ ತೂಕವಲ್ಲ, ಎಸಿಯಂತೆ ತಂಪು ಮಾಡುವ ವೇಗದ ಅಳತೆ). ಏಳು ಗಂಟೆ ನಿಧಾನವಾಗಿ ಐಸ್ ಕಟ್ಟಿಸಿದರೆ ಒಂದು ಟನ್ ಸಾಕು. ಆದರೆ ಕೊಳ್ಳುವಾಗ ಎಚ್ಚರ: ಆ ಒಂದು ಟನ್ ಪೈಪಿನೊಳಗೆ ಮೈನಸ್ 8 ಡಿಗ್ರಿ ಇರುವಾಗ ಸಿಗಬೇಕು. ಎಸಿ ಅಂಗಡಿಯವರು ಹೇಳುವ ಒಂದು ಟನ್ 7 ಡಿಗ್ರಿ ಆಸುಪಾಸಿನದು. ಅದೇ ಯಂತ್ರ ಮೈನಸ್ 8ರಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕೊಡುತ್ತದೆ. ಇದನ್ನು ಕೇಳದೆ ಕೊಂಡಲ್ಲಿ ಸಂಜೆ ಹಾಲು ಬಂದಾಗ ಐಸ್ ಅರ್ಧವೇ ಕಟ್ಟಿರುತ್ತದೆ.

ಹಾಲು ಬಂದಾಗ ಕಂಪ್ರೆಸರ್ ಓಡಬೇಕಿಲ್ಲ. 1 ಡಿಗ್ರಿ ಆಸುಪಾಸಿನ ಐಸ್ ನೀರನ್ನು ಪ್ಲೇಟ್ ಕೂಲರ್‌ನ ಒಂದು ಕಡೆ, ಹಾಲನ್ನು ಇನ್ನೊಂದು ಕಡೆ ಎದುರುಬದುರಾಗಿ ಹರಿಸಿ. ನೀರಿನ ಹರಿವು ಹಾಲಿನ ಮೂರು ಪಟ್ಟು ಇರಲಿ. ಅರ್ಧ ಎಚ್‌ಪಿ ಪಂಪು, ತೊಟ್ಟಿಯೊಳಗೆ ಗಾಳಿ ಗುಳ್ಳೆ ಬಿಡುವ ಸಣ್ಣ ಬ್ಲೋವರ್ ಎರಡೂ ಇನ್ವರ್ಟರ್ ಮೇಲೆ ಓಡುತ್ತವೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಐಸ್ ದಪ್ಪ ಅಳೆಯುವ ಸೆನ್ಸರ್ ಕೆಟ್ಟರೆ ಕಂಪ್ರೆಸರ್ ನಿಲ್ಲದೆ ಐಸ್ ಕಟ್ಟುತ್ತಲೇ ಹೋಗಿ ಪೈಪಿನಿಂದ ಪೈಪಿಗೆ ಬೆಸೆದು ಒಂದೇ ಗಟ್ಟಿಯಾಗುತ್ತದೆ. ಆಗ ತೊಟ್ಟಿ ತುಂಬ ಐಸ್ ಇದ್ದರೂ ನೀರಿಗೆ ತಗಲುವ ಮೈ ಕಡಿಮೆ, ಹಾಲು 8 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಎರಡನೆಯದು ಬ್ಲೋವರ್: ಅದು ನಿಂತರೆ ತೊಟ್ಟಿಯ ನೀರು ಒಂದೇ ಸಮ ತಂಪಾಗುವುದಿಲ್ಲ. ಮೂರನೆಯದು ಪ್ಲೇಟಿನ ಗ್ಯಾಸ್ಕೆಟ್. ಅದು ಸೋರಿದರೆ ಹಾಲಿಗೆ ನೀರು ಸೇರಿ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಬಿದ್ದು, ಹಾಲು ಹಾಕಿದವರ ಮೇಲೆ ವೃಥಾ ಅನುಮಾನ ಬರುತ್ತದೆ. ನೀರಿನ ಒತ್ತಡ ಯಾವಾಗಲೂ ಹಾಲಿನ ಒತ್ತಡಕ್ಕಿಂತ ಕಡಿಮೆ ಇರುವಂತೆ ವಾಲ್ವ್ ಹೊಂದಿಸಿ. ಪ್ಲೇಟಿಗೆ ಹೋಗುವ ಮುಂಚಿನ ಹಾಲನ್ನೂ ನಂತರದ ಹಾಲನ್ನೂ ವಾರಕ್ಕೊಮ್ಮೆ ಪರೀಕ್ಷಿಸಿ ಹೋಲಿಸಿ.

ಇನ್ನೊಂದು ಮಾತು. ಐಸ್ ಕಟ್ಟಿಸಲು ಕಂಪ್ರೆಸರ್ ಹೆಚ್ಚು ತಣ್ಣಗಿನ ಮಟ್ಟದಲ್ಲಿ ಓಡಬೇಕಾದ್ದರಿಂದ ನೇರ ತಂಪಿಗಿಂತ ಶೇ 15–20 ಹೆಚ್ಚು ಕರೆಂಟ್ ತಿನ್ನುತ್ತದೆ. ಉಳಿಯುವುದು ಡೀಸೆಲ್, ಕರೆಂಟ್ ಅಲ್ಲ. ಆ ಹೊರೆ ಇಳಿಸಲು ಒಂದು ಅಗ್ಗದ ದಾರಿ ಇದೆ: 25 ಡಿಗ್ರಿಯ ಬಾವಿ ನೀರನ್ನು ಇನ್ನೊಂದು ಸಣ್ಣ ಪ್ಲೇಟ್ ಕೂಲರ್‌ನಲ್ಲಿ ಹರಿಸಿ ಮೊದಲು ಹಾಲನ್ನು 28ಕ್ಕೆ ತನ್ನಿ. ಐಸ್ ಮೇಲಿನ ಹೊರೆಯಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಅಲ್ಲೇ ಇಳಿಯುತ್ತದೆ. ಬೆಚ್ಚಗಾದ ನೀರು ಕ್ಯಾನ್ ತೊಳೆಯಲು ಆಗುತ್ತದೆ.

ಪ್ರಶ್ನೆ: ನಮ್ಮದು 200 ಲೀಟರಿನ ಸೋಲಾರ್ ವಾಟರ್ ಹೀಟರ್. ಸಂಜೆ ನೀರು ಸುಡುತ್ತದೆ, ಬೆಳಿಗ್ಗೆ ಸ್ನಾನಕ್ಕೆ ಹೋದರೆ ಉಗುರುಬೆಚ್ಚಗೆ. ಕಂಪನಿಯವರು ಟ್ಯಾಂಕ್ ಬದಲಿಸಿ ಎನ್ನುತ್ತಾರೆ.
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಟ್ಯಾಂಕಿಗೆ ದುಡ್ಡು ಹಾಕುವ ಮುಂಚೆ ಒಂದು ರಾತ್ರಿ ಪರೀಕ್ಷೆ ಮಾಡಿ. ಸಂಜೆ 6ಕ್ಕೆ ಟ್ಯಾಂಕಿನ ಬಿಸಿನೀರಿನ ಬಾಯಿಯ ಹತ್ತಿರವೇ ಐದು ಲೀಟರ್ ಹರಿಬಿಟ್ಟು, ನಂತರ ಬರುವ ನೀರಿನ ಉಷ್ಣತೆ ಥರ್ಮಾಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಆ ರಾತ್ರಿ ಬಿಸಿನೀರು ಯಾರೂ ಬಳಸಬಾರದು, ಕರೆಂಟ್ ಕಾಯಿಲ್ ಆಫ್ ಇರಲಿ. ಬೆಳಿಗ್ಗೆ 6ಕ್ಕೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ.

50 ಮಿ.ಮೀ. ಪಫ್ ಹೊದಿಕೆಯ ಒಳ್ಳೆಯ ಟ್ಯಾಂಕು 60 ಡಿಗ್ರಿಯಿಂದ ರಾತ್ರಿಗೆ 3ರಿಂದ 5 ಡಿಗ್ರಿ ಕಳೆದುಕೊಳ್ಳುತ್ತದೆ, ಅಷ್ಟೇ. ನಿಮ್ಮದೂ ಅಷ್ಟೇ ಇಳಿದಿದ್ದರೆ ಟ್ಯಾಂಕು ಸರಿಯಿದೆ, ದೋಷ ಕೆಳಗಿನ ಪೈಪಿನಲ್ಲೋ ಬಳಕೆಯಲ್ಲೋ ಇದೆ. 10 ಡಿಗ್ರಿ ದಾಟಿ ಇಳಿದಿದ್ದರೆ ಹೊದಿಕೆಗೆ ಮಳೆನೀರು ಇಳಿದಿರಬಹುದು, ಇಲ್ಲವೇ ರಾತ್ರಿ ನೀರು ಹಿಮ್ಮುಖವಾಗಿ ಹರಿಯುತ್ತಿರಬಹುದು. ಹಿಮ್ಮುಖ ಹರಿವು ತಾಮ್ರದ ಫ್ಲಾಟ್ ಪ್ಲೇಟ್ ಮಾದರಿಯ ರೋಗ. ರಾತ್ರಿ 10ರ ಹೊತ್ತಿಗೆ ಪ್ಯಾನೆಲ್ ಮೇಲ್ತುದಿಯ ಪೈಪು ಮುಟ್ಟಿ ನೋಡಿ. ಆಗಲೂ ಬೆಚ್ಚಗಿದ್ದರೆ ಟ್ಯಾಂಕಿನ ಶಾಖ ಪ್ಯಾನೆಲ್ ಮೂಲಕ ಆಕಾಶಕ್ಕೆ ಹೋಗುತ್ತಿದೆ ಎಂದರ್ಥ. ಟ್ಯಾಂಕಿನ ತಳ ಪ್ಯಾನೆಲ್‌ನ ಮೇಲ್ತುದಿಗಿಂತ ಕನಿಷ್ಠ 30 ಸೆಂ.ಮೀ. ಮೇಲಿರಬೇಕು, ಸ್ಟ್ಯಾಂಡ್ ಎತ್ತರಿಸಿದರೆ ಸರಿಹೋಗುತ್ತದೆ.

ಟ್ಯಾಂಕು ಸರಿಯಿದ್ದೂ ಬಚ್ಚಲಿನಲ್ಲಿ ನೀರು ಬೆಚ್ಚಗೆ ಬರುತ್ತಿದ್ದರೆ ಮೊದಲು ಮಿಕ್ಸರ್ ನಲ್ಲಿಗಳನ್ನು ಅನುಮಾನಿಸಿ. ಒಂದು ಬಚ್ಚಲಿನ ಮಿಕ್ಸರ್ ಒಳಗಿನ ವಾಷರ್ ಹೋದರೂ ಸಾಕು, ತಣ್ಣೀರು ಬಿಸಿನೀರಿನ ಸಾಲಿಗೆ ನುಗ್ಗಿ ಇಡೀ ಮನೆಗೆ ಹರಡುತ್ತದೆ. ಟ್ಯಾಂಕಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿ ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ತಣ್ಣೀರು ಬರುತ್ತಲೇ ಇದ್ದರೆ ಕಳ್ಳ ಸಿಕ್ಕ. ಪೈಪಿನ ಉದ್ದವೂ ಲೆಕ್ಕಕ್ಕಿದೆ: 20 ಮಿ.ಮೀ. ಒಳವ್ಯಾಸದ 25 ಮೀಟರ್ ಪೈಪಿನಲ್ಲಿ 8 ಲೀಟರ್ ನೀರು ನಿಂತು ತಣ್ಣಗಾಗಿರುತ್ತದೆ.

ರಾತ್ರಿ ಪಾತ್ರೆ ತೊಳೆಯಲು ಬಿಸಿನೀರು ತೆಗೆದರೆ ಅಷ್ಟೇ ತಣ್ಣೀರು ಟ್ಯಾಂಕಿನ ತಳಕ್ಕೆ ಬರುತ್ತದೆ. ಅದು ನಿಧಾನವಾಗಿ ಬಂದರೆ ತಳದಲ್ಲೇ ಉಳಿದು ಮೇಲಿನ ಬಿಸಿನೀರು ಕೆಡುವುದಿಲ್ಲ. ಒಳಬರುವ ಬಾಯಿಗೆ ಹಾಕಿದ ತಡೆ ಕಳಚಿದ್ದರೆ ಚಿಮ್ಮಿ ಬಂದು ಎಲ್ಲವನ್ನೂ ಕಲಕಿಬಿಡುತ್ತದೆ. ಇನ್ನು, ಸಂಜೆಯೇ ನೀರು 50 ಡಿಗ್ರಿ ಮುಟ್ಟದಿದ್ದರೆ ಅದು ಬೇರೆ ಕಥೆ, ಬೋರ್‌ವೆಲ್ ನೀರಿನ ಸುಣ್ಣ ಪೈಪಿನಲ್ಲಿ ಕಟ್ಟಿದೆಯೇ ನೋಡಿಸಿ.

ಪ್ರಶ್ನೆ: ಮರಳನ್ನು ಕಾಯಿಸಿ ಶಾಖ ಕೂಡಿಡುವ ಫಿನ್‌ಲೆಂಡಿನ ಮರಳಿನ ಬ್ಯಾಟರಿಯಂಥದ್ದನ್ನು ಪ್ರಾಜೆಕ್ಟ್‌ಗೆ ಸಣ್ಣದಾಗಿ ಕಟ್ಟಬೇಕೆಂದಿದ್ದೇವೆ. ಒಂದು ಟನ್ ಮರಳು ಸಾಕೇ?
– ಮೆಕ್ಯಾನಿಕಲ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಕಲಿಯಲು ಸಾಕು, ಲಾಭದ ಲೆಕ್ಕ ತೋರಿಸಲು ಸಾಲದು. ಪೋಲಾರ್ ನೈಟ್ ಎನರ್ಜಿ ಸಂಸ್ಥೆ 2022ರಲ್ಲಿ ಕಂಕಾನ್‌ಪ್ಯಾ ಪಟ್ಟಣದಲ್ಲಿ ಚಾಲನೆಗೆ ತಂದ ಘಟಕದಲ್ಲಿ 100 ಟನ್ ಮರಳಿದೆ, ಸಾಮರ್ಥ್ಯ 8,000 ಯೂನಿಟ್. 2025ರಲ್ಲಿ ಪೊರ್ನೈನೆನ್‌ನಲ್ಲಿ ಬಂದದ್ದು ಪುಡಿ ಮಾಡಿದ ಬಳಪದ ಕಲ್ಲಿನದು: 2,000 ಟನ್, 1 ಲಕ್ಷ ಯೂನಿಟ್. ಎರಡೂ ಕೊಡುವುದು ಶಾಖವನ್ನೇ; ಅಲ್ಲಿ ಮನೆಗಳಿಗೆ ಬಿಸಿನೀರು ಹಂಚುವ ಜಾಲವಿದೆ. ಆ ಶಾಖದಿಂದ ಮತ್ತೆ ಕರೆಂಟ್ ಮಾಡಹೊರಟರೆ ಬಹುಪಾಲು ಕಳೆದುಹೋಗುತ್ತದೆ, ಆ ಆಸೆ ಬಿಡಿ.

ಒಂದು ಟನ್ ಮರಳನ್ನು 150ರಿಂದ 450 ಡಿಗ್ರಿಗೆ ಏರಿಸಿದರೆ ಸುಮಾರು 67 ಯೂನಿಟ್ ಕೂಡುತ್ತದೆ. ಸುತ್ತ 300 ಮಿ.ಮೀ. ರಾಕ್‌ವೂಲ್ ಹೊದಿಸಿದರೂ ದಿನಕ್ಕೆ 10–12 ಯೂನಿಟ್ ಸೋರುತ್ತದೆ. ರಾಶಿ ದೊಡ್ಡದಾದಷ್ಟೂ ಪ್ರತಿ ಟನ್ನಿಗೆ ಸಿಗುವ ಹೊರಮೈ ಕಡಿಮೆಯಾಗುವುದರಿಂದಲೇ ಅವರದ್ದು ವಾರಗಟ್ಟಲೆ ಬಿಸಿಯಿರುತ್ತದೆ, ನಿಮ್ಮದು ಇರುವುದಿಲ್ಲ.

ಕಟ್ಟುವಾಗ ನೆನಪಿಡಬೇಕಾದದ್ದು, ಮರಳು ಶಾಖವನ್ನು ತುಂಬ ನಿಧಾನ ಸಾಗಿಸುತ್ತದೆ. ಒಣ ಮರಳಿನಲ್ಲಿ ಬಿಸಿ 10 ಸೆಂ.ಮೀ. ದಾಟಿ ಹರಡಲು ಹೆಚ್ಚುಕಮ್ಮಿ ಅರ್ಧ ದಿನ ಹಿಡಿಯುತ್ತದೆ. ನಡುವೆ ಒಂದೇ ಹೀಟರ್ ಇಟ್ಟರೆ ಅದರ ಸುತ್ತಲಿನ ಮರಳು ಕೆಂಪಗಾಗಿ ಹೀಟರ್ ಸುಡುತ್ತದೆ, ಅಂಚಿನ ಮರಳು ತಣ್ಣಗೇ ಉಳಿಯುತ್ತದೆ. 10 ಸೆಂ.ಮೀ. ಅಂತರದಲ್ಲಿ ಸ್ಟೀಲ್ ಪೈಪುಗಳನ್ನು ಹಾಯಿಸಿ ಬಿಸಿಗಾಳಿ ಓಡಿಸಿ; ತುಂಬಿಸಲೂ ತೆಗೆಯಲೂ ಅದೇ ಪೈಪು. ಮೊದಲ ಸಲ 110 ಡಿಗ್ರಿಯಲ್ಲಿ ಎರಡು ದಿನ ಹಿಡಿದು ತೇವ ಹೋಗಲು ಮೇಲೆ ಕಿಂಡಿ ಬಿಡಿ, ಮುಚ್ಚಿದ ಡ್ರಮ್ಮಿನಲ್ಲಿ ಆವಿ ಕಟ್ಟಿದರೆ ಅಪಾಯ. 573 ಡಿಗ್ರಿಯಲ್ಲಿ ಕ್ವಾರ್ಟ್ಜ್‌ನ ಹರಳಿನ ರಚನೆ ಬದಲಾಗಿ ಕಣ ಹಿಗ್ಗುತ್ತದೆ, ಆದ್ದರಿಂದ 500 ದಾಟಿಸಬೇಡಿ. ಮರಳು ತುಂಬುವಾಗ ಎನ್-95 ಮಾಸ್ಕ್ ಕಡ್ಡಾಯ. ಸಿಲಿಕಾ ದೂಳು ಶ್ವಾಸಕೋಶದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಎಲ್ಲಿಗೆ ಒಗ್ಗುತ್ತದೆ ಎಂದು ಬರೆಯಬೇಕಾದರೆ ದೂರ ಹೋಗಬೇಡಿ. ನಿಮ್ಮೂರಿನ ಮಂಡಕ್ಕಿ ಭಟ್ಟಿಗಳಿಗೆ ಬೇಕಿರುವುದು 200 ಡಿಗ್ರಿ ದಾಟಿದ ಒಣ ಶಾಖ, ದಿನಾ, ಗೊತ್ತಾದ ಹೊತ್ತಿಗೆ. ಒಂದು ಭಟ್ಟಿಯಲ್ಲಿ ದಿನಕ್ಕೆ ಎಷ್ಟು ಉರುವಲು ಉರಿಯುತ್ತದೆಂದು ತೂಗಿ ಅಳೆದರೆ ನಿಮ್ಮ ಪ್ರಾಜೆಕ್ಟ್ ವರದಿಯ ಅತ್ಯುತ್ತಮ ಪುಟ ಅದೇ ಆಗುತ್ತದೆ. 100 ಡಿಗ್ರಿಯೊಳಗಿನ ಕೆಲಸಗಳಿಗೆ, ಅಂದರೆ ರೇಷ್ಮೆ ಗೂಡು ಬೇಯಿಸಲು, ಬಟ್ಟೆಗೆ ಬಣ್ಣ ಹಾಕಲು, ಮರಳು ಬೇಡ. ಅಷ್ಟೇ ತೂಕದ ನೀರು ಡಿಗ್ರಿಗೆ ಐದು ಪಟ್ಟು ಶಾಖ ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಪಕ್ಕದ ಓಕೋಟೋಕ್ಸ್‌ನಲ್ಲಿ ಬೇಸಿಗೆಯ ಬಿಸಿಲನ್ನು ನೆಲದಲ್ಲಿ ಕೂಡಿಟ್ಟು ಚಳಿಗಾಲದಲ್ಲಿ ಮನೆ ಬೆಚ್ಚಗಿಡುತ್ತಿದ್ದ ಬಡಾವಣೆ ಮುಚ್ಚಿತು ಎಂದರು. ಹಾಗಾದರೆ ಆ ತಂತ್ರ ಸೋತಂತೆಯೇ?
– ಕನ್ನಡಿಗ ಓದುಗರು, ಕ್ಯಾಲ್ಗರಿ, ಕೆನಡಾ

ಉತ್ತರ: ನೆಲ ಸೋಲಲಿಲ್ಲ, ನೆಲದ ಮೇಲಿನ ಯಂತ್ರಗಳು ಹಳತಾದವು. ಡ್ರೇಕ್ ಲ್ಯಾಂಡಿಂಗ್ 52 ಮನೆಗಳ ಬಡಾವಣೆ, 2007ರಲ್ಲಿ ಶುರು. ಗ್ಯಾರೇಜ್ ಛಾವಣಿಗಳ ಮೇಲೆ 800 ಸೌರ ಫಲಕ. ನೆಲದಲ್ಲಿ 35 ಮೀಟರ್ ಆಳದ 144 ಕೊಳವೆಗಳನ್ನು ವೃತ್ತಾಕಾರವಾಗಿ ಒತ್ತೊತ್ತಾಗಿ ಕೊರೆದು ಮೇಲೆ ಶಾಖನಿರೋಧಕ ಹೊದಿಸಿದ್ದರು. ಬೇಸಿಗೆಯಲ್ಲಿ ಬಿಸಿನೀರು ನಡುವಿನಿಂದ ಅಂಚಿಗೆ, ಚಳಿಗಾಲದಲ್ಲಿ ಅಂಚಿನಿಂದ ನಡುವಿಗೆ. ಹೀಗೆ ಮಾಡಿದರೆ ಅತಿ ಬಿಸಿ ಭಾಗ ಸದಾ ನಡುವೆ ಉಳಿದು ಸುತ್ತಲಿನ ತಣ್ಣನೆ ಮಣ್ಣಿಗೆ ಸೋರುವುದು ಕಡಿಮೆ. ನೆಲ ಕಾಯಲು ವರ್ಷಗಳೇ ಹಿಡಿದವು. ನಂತರ 90 ಶೇಕಡಾಕ್ಕಿಂತ ಹೆಚ್ಚು ಶಾಖ ಸೂರ್ಯನದೇ ಆಯಿತು, 2015–16ರ ಚಳಿಗಾಲದಲ್ಲಿ ಪೂರ್ತಿ 100.

ವರ್ಷ ಕಳೆದಂತೆ ಫಲಕ, ಪೈಪು, ಮನೆಗಳೊಳಗಿನ ಗಾಳಿ ಬಿಸಿ ಮಾಡುವ ಘಟಕಗಳು ಕೆಡತೊಡಗಿದವು. ಆ ಮನೆಗಳಿಗೆಂದೇ ಮಾಡಿದ ಭಾಗಗಳಿಗೆ ಬಿಡಿಭಾಗ ಸಿಗುವುದು ಕಷ್ಟ. 52 ಮನೆಗಳಿಗೆ ಹಂಚಿದರೆ ದುರಸ್ತಿ ಖರ್ಚು ಹೊರಲಾರದಷ್ಟು. 2024ರಲ್ಲಿ ಮನೆಗಳನ್ನು ಗ್ಯಾಸ್ ಕುಲುಮೆಗೆ ಬದಲಿಸುವ ತೀರ್ಮಾನವಾಯಿತು. ಡೆನ್ಮಾರ್ಕ್‌ನಲ್ಲಿ ಇದೇ ತತ್ವ ದೊಡ್ಡ ಹೊಂಡಗಳಲ್ಲಿ ನಡೆಯುತ್ತಿದೆ: ವೋಯೆನ್ಸ್‌ನ ಹೊಂಡ 2 ಲಕ್ಷ ಘನಮೀಟರ್ ನೀರಿನದು. ಸಾವಿರಾರು ಬಳಕೆದಾರರಿರುವಲ್ಲಿ ಒಬ್ಬ ಕಾಯಂ ಎಂಜಿನಿಯರ್ ಸಂಬಳ ಭಾರವಾಗುವುದಿಲ್ಲ. ಅಲ್ಲಿನ ತಲೆನೋವು ತೇಲು ಮುಚ್ಚಳ. ಅದರ ಹೊದಿಕೆಗೆ ತೇವ ಇಳಿದರೆ ಶಾಖ ಮೇಲಿಂದಲೇ ಹೋಗುತ್ತದೆ.

ಪ್ರಶ್ನೆ: ಛಾವಣಿಯ ಕೆಳಗೆ ಮೇಣದಂಥ ವಸ್ತು ತುಂಬಿದ ಪ್ಯಾನೆಲ್ ಹಾಕಿದರೆ ಎಸಿ ಬೇಡ ಎಂದು ಮಾರಾಟಗಾರರು ಹೇಳುತ್ತಾರೆ. ಮಂಗಳೂರು ಮತ್ತು ಕಲಬುರಗಿ ಎರಡೂ ಕಡೆ ಮನೆ ಕಟ್ಟಿಸುತ್ತಿದ್ದೇವೆ.
– ಕಟ್ಟಡ ಗುತ್ತಿಗೆದಾರರು, ಮಂಗಳೂರು

ಉತ್ತರ: ಎರಡೂ ಕಡೆ ಬೇಡ. 26 ಡಿಗ್ರಿಗೆ ಕರಗುವ ವಸ್ತು ಹಗಲು ಕರಗುತ್ತಾ ಕೋಣೆಯ ಶಾಖ ಹೀರುತ್ತದೆ, ನಿಜ. ಆದರೆ ರಾತ್ರಿ ಅದು ಮತ್ತೆ ಗಟ್ಟಿಯಾಗಬೇಕು. ಅದಕ್ಕೆ ಗಾಳಿ 22ರ ಆಸುಪಾಸಿಗೆ ಇಳಿದು ನಾಲ್ಕೈದು ಗಂಟೆ ಅಲ್ಲೇ ನಿಲ್ಲಬೇಕು. ಮಂಗಳೂರಿನ ಬೇಸಿಗೆ ರಾತ್ರಿ 25ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಮೇ ತಿಂಗಳ ಕಲಬುರಗಿಯಲ್ಲೂ ಅಷ್ಟೇ. ಮೊದಲ ದಿನ ಕರಗಿದ ಪ್ಯಾನೆಲ್ ಮಳೆಗಾಲದವರೆಗೆ ಕರಗಿಯೇ ಇರುತ್ತದೆ. ಬೆಂಗಳೂರು, ಮೈಸೂರಿನಂಥ ಕಡೆ ಏಪ್ರಿಲ್‌ನ ಬೆಳಗಿನ ಜಾವ 22ಕ್ಕೆ ಇಳಿಯುವುದರಿಂದ ಕೆಲಸ ಮಾಡೀತು, ಅದೂ ರಾತ್ರಿ ಕಿಟಕಿ ತೆರೆದು ಜಾಲರಿ ಹಾಕಿ ಗಾಳಿ ಆಡಿಸಿದರೆ.

ವಸ್ತುವಿನ ಆಯಸ್ಸನ್ನೂ ಕೇಳಿ. 1948ರಲ್ಲಿ ಅಮೆರಿಕದ ಡೋವರ್‌ನಲ್ಲಿ ವಿಜ್ಞಾನಿ ಮಾರಿಯಾ ಟೆಲ್ಕೆಸ್ 32 ಡಿಗ್ರಿಗೆ ಕರಗುವ ಗ್ಲಾಬರ್ ಲವಣದಿಂದ ಮನೆ ಬೆಚ್ಚಗಿಡಲು ಹೊರಟರು. ಕರಗಿದಾಗ ಲವಣದ ಒಂದು ಭಾಗ ತಳ ಸೇರಿ, ಮತ್ತೆ ನೀರಿನೊಡನೆ ಬೆರೆಯದೆ, ಕೆಲವೇ ಚಳಿಗಾಲಗಳಲ್ಲಿ ಸಾಮರ್ಥ್ಯ ಕುಗ್ಗಿತು. ಈಗ ದಪ್ಪಗೊಳಿಸುವ ಅಂಟು, ಹರಳು ಕಟ್ಟಿಸಲು ಬೋರಾಕ್ಸ್ ಸೇರಿಸುತ್ತಾರೆ, ತೆಳು ಪೊಟ್ಟಣಗಳಲ್ಲಿ ತುಂಬುತ್ತಾರೆ. ಆದರೂ ಎಷ್ಟು ಸಾವಿರ ಸಲ ಕರಗಿಸಿ ಗಟ್ಟಿ ಮಾಡಿ ಪರೀಕ್ಷಿಸಿದ್ದೀರಿ ಎಂಬುದಕ್ಕೆ ಲಿಖಿತ ಉತ್ತರ ಪಡೆಯದೆ ದುಡ್ಡು ಕೊಡಬೇಡಿ. ಮೇಣದ ಜಾತಿಯದಾದರೆ ಅದು ಉರಿಯುತ್ತದೆ, ಅದನ್ನೂ ಕೇಳಿ.

12 ಚದರ ಮೀಟರ್ ಕೋಣೆಗೆ ಚದರ ಮೀಟರಿಗೆ 10 ಕೆ.ಜಿ.ಯಂತೆ ಹಾಕಿದರೂ ಸಿಗುವುದು ಆರೂಮುಕ್ಕಾಲು ಯೂನಿಟ್ ತಂಪು, ಒಂದೂವರೆ ಟನ್ ಎಸಿ ಒಂದೂಕಾಲು ಗಂಟೆ ಪೂರ್ತಿ ಓಡಿದಷ್ಟು. ಆ ಕೋಣೆಯ 15 ಸೆಂ.ಮೀ. ಆರ್‌ಸಿಸಿ ಛಾವಣಿ ಆರು ಡಿಗ್ರಿ ಏರಿದರೂ ಅಷ್ಟೇ ಶಾಖ ಹಿಡಿಯುತ್ತದೆ. ಪ್ಯಾನೆಲ್‌ನ ದುಡ್ಡನ್ನು ಛಾವಣಿಯ ಮೇಲ್ಮೈಗೆ ಹಾಕಿ: 50 ಮಿ.ಮೀ. ಶಾಖನಿರೋಧಕ, ಅದರ ಮೇಲೆ ಬಿಳಿ ಟೈಲ್ಸ್.

ಪ್ರಶ್ನೆ: ನಮ್ಮ ಕಚೇರಿ ಕಟ್ಟಡದ ಸೆಂಟ್ರಲ್ ಎಸಿಗೆ ರಾತ್ರಿ ತಂಪು ಕೂಡಿಡುವ ತೊಟ್ಟಿ ಹಾಕಿಸಬೇಕೆಂಬ ಪ್ರಸ್ತಾಪವಿದೆ. ಐಸ್ ಒಳ್ಳೆಯದೋ, ತಣ್ಣೀರೋ?
– ಫೆಸಿಲಿಟಿ ಮ್ಯಾನೇಜರ್, ಬೆಂಗಳೂರು

ಉತ್ತರ: ಜಾಗ ಇದ್ದರೆ ತಣ್ಣೀರು. 1,000 ಟನ್-ಗಂಟೆ ತಂಪಿಗೆ (ಸಾವಿರ ಟನ್ ಎಸಿ ಒಂದು ಗಂಟೆ ಕೊಡುವಷ್ಟು) ನೀರಾದರೆ 8 ಡಿಗ್ರಿ ಅಂತರದಲ್ಲಿ ಸುಮಾರು 420 ಘನಮೀಟರ್ ತೊಟ್ಟಿ ಬೇಕು, ಐಸಾದರೆ 38 ಟನ್ ಐಸ್, 60 ಘನಮೀಟರ್ ಆಸುಪಾಸು. ನೀರಿಗೆ ಈಗಿರುವ ಚಿಲ್ಲರೇ (ಎಸಿಗೆ ನೀರು ತಂಪು ಮಾಡುವ ಯಂತ್ರ) ಸಾಕು. ಐಸಿಗೆ ಮೈನಸ್ 6ರ ಗ್ಲೈಕಾಲ್ (ಆ ತಂಪಿನಲ್ಲೂ ಹೆಪ್ಪುಗಟ್ಟದ ದ್ರವ) ಕೊಡುವ ಚಿಲ್ಲರ್ ಬೇಕು. ನೀರಿನ ತೊಟ್ಟಿ ಕೈಕೊಡುವುದು ಕಟ್ಟಡದಿಂದ ಮರಳುವ ನೀರು ಸಾಕಷ್ಟು ಬಿಸಿಯಾಗಿ ಬರದಿದ್ದಾಗ. 8 ಡಿಗ್ರಿ ಅಂತರ ಎಂದುಕೊಂಡಲ್ಲಿ 4 ಸಿಕ್ಕರೆ ತೊಟ್ಟಿಯ ಸಾಮರ್ಥ್ಯ ನೇರ ಅರ್ಧಕ್ಕೆ. ಎಎಚ್‌ಯುಗಳಲ್ಲಿ (ತಣ್ಣೀರಿನಿಂದ ಗಾಳಿ ತಂಪು ಮಾಡಿ ಹಂಚುವ ಘಟಕಗಳಲ್ಲಿ) ಕಾಯಿಲ್‌ಗೆ ಹೋಗದ ತಣ್ಣೀರನ್ನು ನೇರ ಮರಳಿಸುವ ಥ್ರೀ-ವೇ ವಾಲ್ವ್ ಇದ್ದರೆ ಮೊದಲು ಟೂ-ವೇಗೆ ಬದಲಿಸಿ, ಕಾಯಿಲ್ ತೊಳೆಸಿ, ಒಂದು ತಿಂಗಳು ಮರಳುವ ನೀರಿನ ಉಷ್ಣತೆ ದಾಖಲಿಸಿ. ತೊಟ್ಟಿಯ ಮಾತು ಆಮೇಲೆ.

ಅದಕ್ಕಿಂತ ಮುಖ್ಯ, ರಾತ್ರಿಯ ಕರೆಂಟ್ ಅಗ್ಗ ಎಂಬ ಹಳೆಯ ಲೆಕ್ಕ ಬದಲಾಗುತ್ತಿದೆ. 2023ರಲ್ಲಿ ಕೇಂದ್ರ ತಂದ ನಿಯಮ ಬಿಸಿಲಿನ ಎಂಟು ಗಂಟೆಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕೆನ್ನುತ್ತದೆ. ಕಚೇರಿಗೆ ತಂಪು ಬೇಕಾಗುವುದೂ ಆ ಹೊತ್ತಿಗೇ, ಕೂಡಿಟ್ಟು ಏನು ಲಾಭ? ಹಗಲು ತುಂಬಿ ಸಂಜೆ 6ರಿಂದ 10ರವರೆಗೆ ಬಳಸುವ ಆಸ್ಪತ್ರೆ, ಹೋಟೆಲ್, ಮಾಲ್‌ಗಳಿಗೆ ಇದು ಹೆಚ್ಚು ಒಗ್ಗುತ್ತದೆ. ನಿಮ್ಮ ಬಿಲ್ಲಿನ ಹೊತ್ತುವಾರು ದರ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ.

ಪ್ರಶ್ನೆ: ಆರೋಗ್ಯ ಕೇಂದ್ರದ ಐಎಲ್‌ಆರ್‌ನಲ್ಲಿ (ಲಸಿಕೆ ಇಡುವ ಐಸ್ ಲೈನ್ಡ್ ರೆಫ್ರಿಜರೇಟರ್) ಕರೆಂಟ್ ಹೋದಾಗ ಲಸಿಕೆ ಕಾಪಾಡಲು ಡೀಪ್ ಫ್ರೀಜರ್‌ನ ಐಸ್ ಪ್ಯಾಕ್ ಒಳಗಿಡಬಹುದೇ?
– ಆರೋಗ್ಯ ಸಿಬ್ಬಂದಿ, ಚಾಮರಾಜನಗರ ಜಿಲ್ಲೆ

ಉತ್ತರ: ಇಡಬೇಡಿ. ಐಎಲ್‌ಆರ್ ಗೋಡೆಯೊಳಗೇ ಐಸಿನ ಪದರವಿದೆ, ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ 2ರಿಂದ 8 ಡಿಗ್ರಿ ಕಾಯುವಂತೆ ಮಾಡಿದ ಪೆಟ್ಟಿಗೆ ಅದು. ಮುಚ್ಚಳ ತೆರೆಯದಿರುವುದೇ ದೊಡ್ಡ ರಕ್ಷಣೆ. ಫ್ರೀಜರ್‌ನಿಂದ ತೆಗೆದ ಪ್ಯಾಕ್ ಮೈನಸ್ 15–20 ಡಿಗ್ರಿಯದು. ಪೆಂಟಾವೇಲೆಂಟ್, ಹೆಪಟೈಟಿಸ್-ಬಿ, ಟಿಡಿ ಲಸಿಕೆಗಳು ಅದಕ್ಕೆ ತಾಗಿ ಹೆಪ್ಪುಗಟ್ಟಿದರೆ ಕೆಟ್ಟವೆಂದೇ ಲೆಕ್ಕ, ಮತ್ತೆ ಕರಗಿಸಿ ಬಳಸುವಂತಿಲ್ಲ. ಇವನ್ನು ತಳದಲ್ಲಿಡದೆ ಬುಟ್ಟಿಯ ಮೇಲ್ಭಾಗದಲ್ಲಿಡಿ. ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಹಾಕುವ ಪ್ಯಾಕನ್ನೂ ಮೊದಲು ಮೇಜಿನ ಮೇಲೆ ಹರಡಿ. ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬಂದರೆ ಅದು 0 ಡಿಗ್ರಿಗೆ ಬಂದಿದೆ, ಆಗ ಜೋಡಿಸಿ.